ಪೋಡಿಗೆ ಹಲ್ಲಿನ ಚಿಕಿತ್ಸೆಗೆ ಹೋಗುವ ಮುಂಚೆ

ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡಿನಲ್ಲಿ, ಅಂದರೆ ಅವರ ಹಾಡಿಯಲ್ಲಿ, ಹಲ್ಲಿನ ಕ್ಯಾಂಪ್ ಮಾಡಬೇಕು ಅಂತಿದ್ದೀರಾ? ಒಂದೇ ದಿನ ಹೋಗಿ ರಾಶಿ ಹಲ್ಲು ಕಿತ್ತು ಬರುವುದಾದರೆ ದಯವಿಟ್ಟು ಬೇಡ. ಮೂರನೇ ದಿನ ಕಿತ್ತ ಜಾಗ ಊದಿಕೊಂಡರೆ ಅವರು ಯಾರ ಹತ್ತಿರ ಹೋಗಬೇಕು ಹೇಳಿ? ಎರಡನೇ ಭೇಟಿಯ ದಿನ ಗೊತ್ತುಮಾಡಿಕೊಂಡೇ ಮೊದಲನೆಯದಕ್ಕೆ ಹೊರಡಿ.

ದಿನವನ್ನು ಪೋಡಿನ ಯಜಮಾನರ ಹತ್ತಿರ, ಆಶಾ ಕಾರ್ಯಕರ್ತೆಯ ಹತ್ತಿರ ಕೇಳಿಯೇ ಇಟ್ಟುಕೊಳ್ಳಿ. ಜೇನು ಕೀಳುವಾಗ, ಕಾಫಿ ತೋಟದ ಕೆಲಸ ಜೋರಾಗಿರುವಾಗ ಜನ ಸಿಗುವುದಿಲ್ಲ. 2011ರಿಂದ ಇದು ಹುಲಿ ಸಂರಕ್ಷಿತ ಪ್ರದೇಶ, ಅರಣ್ಯ ಇಲಾಖೆಯನ್ನು ಮೊದಲೇ ವಿಚಾರಿಸಿ. ಆನೆ ಓಡಾಡುವ ದಾರಿ, ಕತ್ತಲಾಗುವ ಮುಂಚೆ ಬೆಟ್ಟ ಇಳಿಯಿರಿ.

ಕರೆಂಟ್ ನಂಬಿಕೊಂಡು ಹೋಗಬೇಡಿ. ಎಆರ್‌ಟಿ (ಅಟ್ರಾಮ್ಯಾಟಿಕ್ ರಿಸ್ಟೋರೇಟಿವ್ ಟ್ರೀಟ್‌ಮೆಂಟ್) ಅನ್ನುವ ವಿಧಾನ 1980ರ ದಶಕದಲ್ಲಿ ಟಾಂಜಾನಿಯಾದಲ್ಲಿ ಇಂಥ ಜಾಗಗಳಿಗೆ ಅಂತಲೇ ಶುರುವಾಗಿದ್ದು: ಡ್ರಿಲ್ ಇಲ್ಲದೆ, ಕೈ ಉಪಕರಣದಿಂದ ಹುಳುಕಿನ ಮೆತ್ತನೆ ಭಾಗ ಕೆರೆದು ಗ್ಲಾಸ್ ಅಯೊನೊಮರ್ ಸಿಮೆಂಟ್ ತುಂಬುವುದು. ಅಷ್ಟೇ. ಉಪಕರಣಗಳನ್ನು ಹಬೆಯಲ್ಲಿ ಕ್ರಿಮಿಮುಕ್ತ ಮಾಡುವ ಕುಕ್ಕರ್ ಥರದ ಆಟೋಕ್ಲೇವ್ ಗ್ಯಾಸ್ ಒಲೆಯ ಮೇಲೂ ನಡೆಯುತ್ತದೆ, 121 ಡಿಗ್ರಿ ಮುಟ್ಟಿದ ಮೇಲೆ 20 ನಿಮಿಷ ಬಿಡಿ. ಪುಟ್ಟ ಮಕ್ಕಳ ಹುಳುಕು ಹಲ್ಲಿಗೆ 38% ಸಿಲ್ವರ್ ಡೈಯಮೈನ್ ಫ್ಲೋರೈಡ್ ಅನ್ನುವ ದ್ರವ ಹಚ್ಚಿದರೆ ಹುಳುಕು ಅಲ್ಲಿಗೇ ನಿಲ್ಲುವ ಸಾಧ್ಯತೆ ಜಾಸ್ತಿ, ಆದರೆ ಆ ಜಾಗ ಕಪ್ಪಾಗಿ ಹಾಗೇ ಉಳಿಯುತ್ತದೆ. ತಾಯಿಗೆ ಫೋಟೊ ತೋರಿಸಿ, ಅವರು ಒಪ್ಪಿದ ಮೇಲೆಯೇ ಹಚ್ಚಿ. ಹೇಳದೆ ಹಚ್ಚಿದರೆ ಮುಂದಿನ ಸಲ ಮಗುವನ್ನು ಯಾಕೆ ಕರೆತರುತ್ತಾರೆ, ಅಲ್ವಾ?

ಹಲ್ಲು ಕೀಳುವ ಮುಂಚೆ ಸಿಕಲ್ ಸೆಲ್ (ವಂಶದಲ್ಲಿ ಬರುವ ರಕ್ತದ ಕಾಯಿಲೆ) ಇದೆಯಾ, ಮನೆಯಲ್ಲಿ ಯಾರಿಗಾದರೂ ಇದೆಯಾ ಅಂತ ಕೇಳಲೇಬೇಕು. ಇಲ್ಲಿನ ಆದಿವಾಸಿಗಳಲ್ಲಿ ಈ ಕಾಯಿಲೆ ಇದೆ. ಅಂಥವರಿಗೆ ಸೋಂಕು, ಚಳಿ, ನೀರು ಕಮ್ಮಿಯಾಗುವುದು ಇವೇ ಸಾಕು, ತಡೆಯಲಾರದ ಮೈಕೈ ನೋವು ಶುರುವಾಗಬಹುದು. ಅವರ ಡಾಕ್ಟರ ಜೊತೆ ಮಾತಾಡದೆ ಇಕ್ಕಳ ಎತ್ತಬೇಡಿ.

ಎಲೆಅಡಿಕೆ, ಹೊಗೆಸೊಪ್ಪು ಹಾಕುವವರ ಕೆನ್ನೆಯ ಒಳಭಾಗ, ನಾಲಿಗೆಯ ಅಂಚು ನಿಧಾನಕ್ಕೆ ನೋಡಿ. ಒರೆಸಿದರೂ ಹೋಗದ ಬಿಳಿ ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು, ಮೂರು ಬೆರಳು ಹಿಡಿಸದಷ್ಟು ಬಿಗಿದ ಬಾಯಿ ಕಂಡರೆ ದೊಡ್ಡಾಸ್ಪತ್ರೆಗೆ ಕಳಿಸಲೇಬೇಕು. ಎಲೆಅಡಿಕೆ ಹಾಕುತ್ತಾರೆ ಅಂತ ಬೈಗುಳ ಬೇಡ, ಅಡಿಕೆ ಅವರ ಮನೆಯ ಮರ್ಯಾದೆಯ ವಸ್ತು. ಸುಮ್ನೆ ಚೀಟಿ ಬರೆದುಕೊಟ್ಟರೂ ಆಗದು. ಚಾಮರಾಜನಗರಕ್ಕೆ ಹೋದರೆ ಆ ದಿನದ ಕೂಲಿ ಹೋಯಿತು, ಮೇಲೆ ಬಸ್ ಖರ್ಚು. ಖರ್ಚಿಗೆ ದುಡ್ಡು ಎತ್ತಿಡಿ, ಜೊತೆಗೆ ಪೋಡಿನವರೇ ಒಬ್ಬರನ್ನು ಕಳಿಸಿ, ಸಂಜೆ ಫೋನ್ ಮಾಡಿ ಡಾಕ್ಟರ್ ಸಿಕ್ಕರಾ ಅಂತ ಕೇಳಿ.