ತಗ್ಗಿನ ಮನೆಗೂ ಟೀವಿ ಬರುತ್ತದೆ: ಶಿರಸಿ, ಕಾರವಾರದ ಕಡೆ ಫ್ರೀ ಡಿಶ್ ಕೂರಿಸುವ ಬಗೆ

ನಮ್ಮ ಮನೆ ಇರುವುದು ಶಿರಸಿ, ಸಿದ್ದಾಪುರದ ನಡುವಿನ ಒಂದು ತಗ್ಗಿನಲ್ಲಿ. ಹಿಂದೆ ಸೊಪ್ಪಿನ ಬೆಟ್ಟ, ಮುಂದೆ ಅಡಿಕೆ ತೋಟ. ಆಂಟೆನಾ ಕಾಲದಲ್ಲಿ ಇಲ್ಲಿ ಟೀವಿ ನೋಡುವುದೇ ಒಂದು ದೊಡ್ಡ ಕೆಲಸ. ಅಪ್ಪ ಬೆಟ್ಟದ ಏರಿನಲ್ಲಿ ಬಿದಿರು ಗಳ ನೆಟ್ಟು ಆಂಟೆನಾ ತಿರುಗಿಸುತ್ತಿದ್ದ. ನಾನು ಅಂಗಳದಲ್ಲಿ ನಿಂತು "ಬಂತು, ಬಂತು... ಹೋತು!" ಅಂತ ಕೂಗುತ್ತಿದ್ದೆ. ಟವರ್ ಗುಡ್ಡದ ಆಚೆ, ನಾವು ಈಚೆ. ಅಲೆ ಇಲ್ಲಿಗೆ ಇಳಿಯುತ್ತಲೇ ಇರಲಿಲ್ಲ.

ಆ ಟವರ್‌ಗಳ ಕಾಲ ಮುಗಿಯಿತು. ದೂರದರ್ಶನದ ಹಳೆಯ ಅನಲಾಗ್ ಟ್ರಾನ್ಸ್‌ಮಿಟರ್‌ಗಳು 2022ರ ಹೊತ್ತಿಗೆ ಬಹುಪಾಲು ನಿಂತವು. ಟವರ್‌ನಿಂದಲೇ ಬರುವ ಡಿಜಿಟಲ್ ಪ್ರಸಾರ ಬೆಂಗಳೂರಿನಂಥ ಕೆಲವು ದೊಡ್ಡ ಊರುಗಳಿಗಷ್ಟೇ. ನಮಗೆ ಉಳಿದದ್ದು ಮೇಲಿನ ದಾರಿ, ಉಪಗ್ರಹದಿಂದ ನೇರ ಮನೆಗೆ ಬರುವ ದೂರದರ್ಶನದ ಡಿಡಿ ಫ್ರೀ ಡಿಶ್. 2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಅಂತ ಶುರುವಾದದ್ದು ಇದೇ. ತಿಂಗಳ ಬಾಡಿಗೆ ಇಲ್ಲ. ತಟ್ಟೆ, ಪೆಟ್ಟಿಗೆ (ಸೆಟ್ ಟಾಪ್ ಬಾಕ್ಸ್), ಕೇಬಲ್‌ಗೆ ಒಮ್ಮೆ ದುಡ್ಡು ಕೊಟ್ಟರೆ ಮುಗಿಯಿತು. ಚಂದನ ಬರುತ್ತದೆ, ಆಕಾಶವಾಣಿಯ ಎಷ್ಟೋ ಕೇಂದ್ರಗಳೂ ಬರುತ್ತವೆ.

"ನಮ್ಮದು ತಗ್ಗು, ಸಿಗ್ನಲ್ ಸಿಕ್ಕುವುದಿಲ್ಲ" ಅಂತ ಇವತ್ತಿಗೂ ಹೇಳುವವರಿದ್ದಾರೆ. ಅದು ಆಂಟೆನಾ ಕಾಲದ ಮಾತು. ಫ್ರೀ ಡಿಶ್ ಬರುವುದು ಜಿಸ್ಯಾಟ್-15 ಉಪಗ್ರಹದಿಂದ. ಅದು ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿ, ಸಮಭಾಜಕದ ಮೇಲೆ, ಸುಮಾರು 36,000 ಕಿ.ಮೀ. ಎತ್ತರದಲ್ಲಿ ನಿಂತಿದೆ. ಶಿರಸಿಯಿಂದ ನೋಡಿದರೆ ಅದು ನೆಲದಿಂದ ಸುಮಾರು 62 ಡಿಗ್ರಿ ಮೇಲಿದೆ. ಕಾರವಾರದಿಂದಲೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ನೆತ್ತಿಗೂ ದಿಗಂತಕ್ಕೂ ನಡುವೆ, ನೆತ್ತಿಯ ಕಡೆಗೇ ಜಾಸ್ತಿ. ಅಷ್ಟು ಮೇಲಿರುವುದನ್ನು ಮರೆಮಾಡುವಷ್ಟು ಕಡಿದಾದ ಗುಡ್ಡ ಮನೆ ಪಕ್ಕ ಇರುವುದು ತೀರಾ ಅಪರೂಪ. ಹಾಗಾಗಿ ಘಟ್ಟ ಅಡ್ಡ ಬರುವುದಿಲ್ಲ. ಅಡ್ಡ ಬರುವುದು ಅಂಗಳದ ಅಂಚಿನ ಮರ, ಮತ್ತೆ ಕೇಬಲ್ ಒಳಗೆ ಹೋದ ನೀರು. ನಾನು ನೆಂಟರಿಷ್ಟರ ಮನೆಗಳಲ್ಲಿ ನೋಡಿದ ತೊಂದರೆಯಲ್ಲಿ ಮುಕ್ಕಾಲು ಪಾಲು ಇವೆರಡೇ.

ಮೊದಲು ದಿಕ್ಕು. ಆಗ್ನೇಯ ಅನ್ನುತ್ತಾರೆ, ಆದರೆ ಸರಿಯಾಗಿ ಆಗ್ನೇಯ ಅಲ್ಲ, ಸ್ವಲ್ಪ ಪೂರ್ವಕ್ಕೆ. ಮೊಬೈಲ್ ದಿಕ್ಸೂಚಿಯಲ್ಲಿ ಶಿರಸಿಗೆ 127, ಕಾರವಾರಕ್ಕೆ 126. ಭಟ್ಕಳದ ಕಡೆ 125. ಮೊಬೈಲನ್ನು ತಟ್ಟೆಯ ಕಂಬದ ಹತ್ತಿರ ಹಿಡಿದು ನೋಡಬೇಡಿ. ಕಬ್ಬಿಣ ಹತ್ತಿರ ಇದ್ದರೆ ಮುಳ್ಳು ಸುಳ್ಳು ಹೇಳುತ್ತದೆ. ನಾಲ್ಕು ಹೆಜ್ಜೆ ದೂರ ನಿಂತು, ಆ ದಿಕ್ಕಿನಲ್ಲಿ ಕಾಣುವ ಒಂದು ಮರವನ್ನೋ ಕೊಟ್ಟಿಗೆಯ ಮೂಲೆಯನ್ನೋ ಗುರುತು ಮಾಡಿಕೊಳ್ಳಿ.

ಈಗ ಮರದ ವಿಷಯ. ಇದನ್ನು ನಾನು ಅನುಭವಿಸಿ ಕಲಿತದ್ದು. ನಮ್ಮ ಮನೆಗೆ ಮೊದಲ ತಟ್ಟೆ ಕೂರಿಸಿದ್ದು ಮಾರ್ಚ್ ತಿಂಗಳಲ್ಲಿ. ಪೇಟೆಯಿಂದ ಬಂದವರು ಅರ್ಧ ಗಂಟೆಯಲ್ಲಿ ಕೆಲಸ ಮುಗಿಸಿ ಹೋದರು. ಚಿತ್ರ ಕನ್ನಡಿಯ ಹಾಗೆ ಬಂತು. ಜೂನ್ ಮುಗಿಯುವ ಹೊತ್ತಿಗೆ ಒಂದು ಚಾನೆಲ್ಲೂ ಇಲ್ಲ. ಆಯಿಗೆ ಚಂದನ ಇಲ್ಲದೆ ಸಂಜೆ ಹೋಗುವುದಿಲ್ಲ. ಎರಡು ಸಲ ಪೆಟ್ಟಿಗೆ ಬದಲಿಸಿದೆವು, ಸುಮ್ನೆ ದುಡ್ಡು ಹೋಯಿತು. ಕೊನೆಗೆ ಒಂದು ದಿನ ತಟ್ಟೆಯ ಹಿಂದೆ ನಿಂತು ಮೇಲೆ ನೋಡಿದೆ. ಕಂಡದ್ದು ಮತ್ತಿ ಮರ. ಮಾರ್ಚ್‌ನಲ್ಲಿ ಸೊಪ್ಪು ಕಡಿದು ಬೋಳಾಗಿದ್ದದ್ದು, ಮಳೆ ಬಿದ್ದ ಮೇಲೆ ಚಿಗುರಿ ಕೊಡೆ ಬಿಡಿಸಿದ ಹಾಗೆ ನಿಂತಿತ್ತು. ಎಲೆ ಅಂದರೆ ನೀರು, ಒದ್ದೆ ಎಲೆ ಅಂದರೆ ಇನ್ನೂ ಜಾಸ್ತಿ ನೀರು. ಈ ಅಲೆಗೆ ಅದು ಗೋಡೆ ಇದ್ದಂತೆ. ಮರಕ್ಕೆ ಕೈ ಹಚ್ಚಲಿಲ್ಲ. ತಟ್ಟೆಯನ್ನೇ ಹದಿನೈದು ಅಡಿ ಆಚೆಗೆ, ಅಡಿಕೆ ಒಣಗಿಸುವ ಅಂಗಳದ ಮೂಲೆಗೆ ತಂದೆ. ಆ ಮರದಿಂದ ಮತ್ತೆ ತೊಂದರೆ ಆಗಲಿಲ್ಲ.

ಲೆಕ್ಕ ಸುಲಭ. ಆ ದಿಕ್ಕಿನ ಮರ ತಟ್ಟೆಗಿಂತ ಎಷ್ಟು ಎತ್ತರವೋ, ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ದೂರದಲ್ಲಿ ತಟ್ಟೆ ಇರಬೇಕು. ಐವತ್ತು ಅಡಿಯ ಅಡಿಕೆ ಮರಕ್ಕೆ ಇಪ್ಪತ್ತೇಳು ಅಡಿ. ನಾನು ಮೂವತ್ತೈದು ಬಿಡುತ್ತೇನೆ. ಹೆಡೆ ಗಾಳಿಗೆ ತೂಗುತ್ತದೆ, ಮರವೂ ಬೆಳೆಯುತ್ತದಲ್ವಾ? ಕಾರವಾರದ ಕಡಲಂಚಿನಲ್ಲಿ ತೆಂಗು, ಗಾಳಿಮರಕ್ಕೂ ಇದೇ ಲೆಕ್ಕ. ಎಲ್ಲಕ್ಕಿಂತ ಮುಖ್ಯ, ಬೋಳು ಮರ ನೋಡಿ ಜಾಗ ಗೊತ್ತು ಮಾಡಬೇಡಿ. ಶ್ರಾವಣದಲ್ಲಿ ಆ ಮರ ಹೇಗಿರುತ್ತದೆ ಅಂತ ನೆನಪು ಮಾಡಿಕೊಂಡು ನೋಡಿ.

ದಿಕ್ಸೂಚಿಯೂ ಬೇಡ, ಲೆಕ್ಕವೂ ಬೇಡ ಅನ್ನುವವರಿಗೆ ಒಂದು ಉಪಾಯವಿದೆ. ನನಗೆ ತುಂಬಾ ಇಷ್ಟವಾದ ಉಪಾಯ ಇದು. ವರ್ಷಕ್ಕೆ ಎರಡು ಸಲ ಸೂರ್ಯ ಸರಿಯಾಗಿ ಈ ಉಪಗ್ರಹದ ಹಿಂದೆ ಬರುತ್ತಾನೆ. ನಮ್ಮ ಕಡೆಗೆ ಅದು ಮಾರ್ಚ್ 14ರ ಆಸುಪಾಸು ಬೆಳಿಗ್ಗೆ ಸುಮಾರು 11 ಗಂಟೆ 13 ನಿಮಿಷಕ್ಕೆ, ಮತ್ತೆ ಸೆಪ್ಟೆಂಬರ್ 29ರ ಆಸುಪಾಸು 10 ಗಂಟೆ 54 ನಿಮಿಷಕ್ಕೆ. ಆ ಹೊತ್ತಿಗೆ ಅಂಗಳಕ್ಕೆ ಬನ್ನಿ. ಎಲ್ಲಿ ಪೂರಾ ಬಿಸಿಲು ಬಿದ್ದಿದೆಯೋ ಅಲ್ಲಿ ತಟ್ಟೆ ಇಡಬಹುದು. ಎಲ್ಲಿ ಎಲೆಯ ನೆರಳಿದೆಯೋ ಅಲ್ಲಿ ಬೇಡ. ಸೆಪ್ಟೆಂಬರ್ ಕೊನೆಯೇ ಒಳ್ಳೆಯದು, ಮರ ತುಂಬಿಕೊಂಡಿರುತ್ತದೆ. ಆ ನಾಲ್ಕೈದು ದಿನ ಅದೇ ಹೊತ್ತಿಗೆ ಕೆಲವು ನಿಮಿಷ ಚಿತ್ರ ಒಡೆದರೆ ಗಾಬರಿಯಾಗಿ ತಟ್ಟೆ ಮುಟ್ಟಬೇಡಿ. ಸೂರ್ಯನ ಸದ್ದಿನಲ್ಲಿ ಉಪಗ್ರಹದ ದನಿ ಮುಳುಗಿರುತ್ತದೆ ಅಷ್ಟೇ. ಸೂರ್ಯ ಸರಿದ ಮೇಲೆ ತಾನೇ ಬರುತ್ತದೆ.

ಕಂಬ ನೆಡುವಾಗ ತೂಗುಗುಂಡು ಹಿಡಿದು ನೋಡಿ. ಕಂಬ ಒಂದು ಬೆರಳು ವಾಲಿದರೂ ತಟ್ಟೆಯ ಹಿಂದಿನ ಡಿಗ್ರಿ ಗುರುತಿಗೆ ಅರ್ಥ ಉಳಿಯುವುದಿಲ್ಲ. ಕಂಬ ನೆಟ್ಟಗಿದ್ದರೆ ಆ ಗುರುತನ್ನು 62ಕ್ಕೆ ಇಟ್ಟು ಶುರು ಮಾಡಬಹುದು. ಆಗ ತಟ್ಟೆ ಅಷ್ಟೇನೂ ಮೇಲೆ ನೋಡುತ್ತಿಲ್ಲವಲ್ಲ ಅನ್ನಿಸುತ್ತದೆ. ಅದು ಸರಿಯೇ. ಈ ತಟ್ಟೆಗಳ ಮುಖ ಒಂದು ಕಡೆ, ನೋಟ ಇನ್ನೊಂದು ಕಡೆ. ಮುಖಕ್ಕಿಂತ ಇಪ್ಪತ್ತು ಇಪ್ಪತ್ತೈದು ಡಿಗ್ರಿ ಮೇಲಿಂದ ಅವು ಅಲೆ ಹಿಡಿಯುತ್ತವೆ. ಮುಖ ನೋಡಿ "ಎದುರಿಗೆ ಮರ ಇಲ್ಲ" ಅಂದುಕೊಂಡರೆ ಮೋಸ ಹೋಗುತ್ತೀರಿ.

ಪೆಟ್ಟಿಗೆಯ ಇನ್‌ಸ್ಟಾಲೇಶನ್ ಮೆನುವಿನಲ್ಲಿ, ತಟ್ಟೆಯ ತೋಳಿನ ತುದಿಯಲ್ಲಿದ್ದು ಅಲೆ ಹಿಡಿಯುವ ಎಲ್‌ಎನ್‌ಬಿಗೆ 9750/10600, ಫ್ರೀಕ್ವೆನ್ಸಿ 11090, ವರ್ಟಿಕಲ್, ಸಿಂಬಲ್ ರೇಟ್ 29500 ಹಾಕಿ. ತೆರೆಯ ಮೇಲೆ ಎರಡು ಪಟ್ಟಿ ಕಾಣುತ್ತವೆ, ಸ್ಟ್ರೆಂಗ್ತ್ ಮತ್ತು ಕ್ವಾಲಿಟಿ. ಸ್ಟ್ರೆಂಗ್ತ್ ನಂಬಬೇಡಿ. ತಟ್ಟೆ ದನದ ಕೊಟ್ಟಿಗೆ ನೋಡುತ್ತಿದ್ದರೂ ಅದು ಮೇಲೇರಿ ಕೂತಿರುತ್ತದೆ. ಎಲ್‌ಎನ್‌ಬಿಗೆ ಕರೆಂಟ್ ಹೋಗುತ್ತಿದೆ ಅಂತಷ್ಟೇ ಅದರ ಅರ್ಥ. ನಿಮ್ಮ ಕಣ್ಣು ಕ್ವಾಲಿಟಿ ಮೇಲಿರಲಿ.

ಆಮೇಲೆ ಬೇಕಾದದ್ದು ತಾಳ್ಮೆ. ಎರಡಡಿ ತಟ್ಟೆಯ ಅಂಚು 5 ಮಿ.ಮೀ. ಸರಿದರೆ ನೋಟ 1 ಡಿಗ್ರಿ ಸರಿದ ಹಾಗೆ. ಉಪಗ್ರಹ ಇರುವ ದೂರದಲ್ಲಿ ಅದು 600 ಕಿ.ಮೀ.ಗೂ ಜಾಸ್ತಿ! ಪಕ್ಕದಲ್ಲೇ 95 ಡಿಗ್ರಿಯಲ್ಲಿ ಬೇರೆ ಉಪಗ್ರಹವೂ ಇದೆ. ಹಾಗಾಗಿ ಉಗುರಿನ ದಪ್ಪದಷ್ಟು ಸರಿಸಿ, ಮೂರು ಎಣಿಸಿ, ಆಮೇಲೆ ಪಟ್ಟಿ ನೋಡಿ. ಪೆಟ್ಟಿಗೆಗೆ ಯೋಚನೆ ಮಾಡಲು ಅಷ್ಟು ಹೊತ್ತು ಬೇಕು. ಕ್ವಾಲಿಟಿ ಏರಿ ಇಳಿಯುವ ಎರಡೂ ಕಡೆ ಕಂಬದ ಮೇಲೆ ಪೆನ್ಸಿಲ್ ಗೀಟು ಎಳೆಯಿರಿ. ಎರಡು ಗೀಟಿನ ನಟ್ಟನಡುವೆ ನಿಲ್ಲಿಸಿ. ಮೇಲೆ ಕೆಳಗೆಯೂ ಹೀಗೇ. ನಟ್ ಬಿಗಿ ಮಾಡುವಾಗ ಒಂದನ್ನೇ ಪೂರಾ ತಿರುಗಿಸಬೇಡಿ, ತಟ್ಟೆ ವಾಲುತ್ತದೆ. ಆ ಕಡೆ ಸ್ವಲ್ಪ, ಈ ಕಡೆ ಸ್ವಲ್ಪ.

ಇಷ್ಟಕ್ಕೇ ಬಿಡುವವರು ಜಾಸ್ತಿ. ಆದರೆ ಎಲ್‌ಎನ್‌ಬಿಯನ್ನು ಅದರ ಹಿಡಿಯೊಳಗೆ ತಿರುಗಿಸುವ ಕೆಲಸ ಇನ್ನೂ ಉಳಿದಿದೆ. ಉಪಗ್ರಹ ನಮಗೆ ತುಂಬಾ ಪೂರ್ವಕ್ಕಿರುವುದರಿಂದ ಅದರ ನೆಟ್ಟಗಿನ ಅಲೆ ಇಲ್ಲಿಗೆ 50 ಡಿಗ್ರಿಯಷ್ಟು ಓರೆಯಾಗಿ ಬರುತ್ತದೆ. ಎಲ್‌ಎನ್‌ಬಿಯೂ ಅದಕ್ಕೆ ತಕ್ಕಂತೆ ಓರೆಯಾಗಬೇಕು. ಹಿಡಿ ಸಡಿಲ ಮಾಡಿ ಎರಡೂ ಕಡೆ ನಿಧಾನ ತಿರುಗಿಸಿ, ಕ್ವಾಲಿಟಿ ಎಲ್ಲಿ ಅತಿ ಜಾಸ್ತಿಯೋ ಅಲ್ಲಿ ಬಿಗಿ ಮಾಡಿ. ಬೇಸಿಗೆಯಲ್ಲಿ ಇದರ ವ್ಯತ್ಯಾಸ ಗೊತ್ತಾಗುವುದಿಲ್ಲ. ಆಷಾಢದ ಮಳೆಯಲ್ಲಿ ಗೊತ್ತಾಗುತ್ತದೆ.

ಇನ್ನು ಕೇಬಲ್. ಆರ್‌ಜಿ-6 ತೆಗೆದುಕೊಳ್ಳಿ, ನಡುವೆ ಜೋಡಣೆ ಇಲ್ಲದ ಒಂದೇ ತುಂಡು. ಕನೆಕ್ಟರ್ ಬಿಚ್ಚುವ ಮೊದಲು ಪೆಟ್ಟಿಗೆಯ ಪ್ಲಗ್ ಕಿತ್ತಿಡಿ, ಆ ತಂತಿಯಲ್ಲೇ ಎಲ್‌ಎನ್‌ಬಿಗೆ ಕರೆಂಟ್ ಹೋಗುವುದು. ಕಾರವಾರದ ಕೊಡಿಬಾಗದಲ್ಲಿರುವ ನನ್ನ ತಂಗಿಯ ಮನೆಯಲ್ಲಿ ಒಂದು ಸಲ ಚಿತ್ರ ಹೋದಾಗ ಎಲ್‌ಎನ್‌ಬಿ ಕಡೆಯ ಕನೆಕ್ಟರ್ ಬಿಚ್ಚಿದೆ. ಕಪ್ಪು ವೈರಿಂಗ್ ಟೇಪನ್ನು ಚೆನ್ನಾಗೇ ಸುತ್ತಿದ್ದರು. ಟೇಪಿನ ಅಂಟು ಕರಗಿ ಬೆಲ್ಲದ ಪಾಕದ ಹಾಗೆ ಕೈಗೆ ಹತ್ತಿತು. ಒಳಗೆ ಹಸಿರು ಕಿಲುಬು. ನಡುವಿನ ತಾಮ್ರದ ತಂತಿ ಕರ್ರಗಾಗಿ, ಉಗುರು ತಾಗಿಸಿದರೆ ಮುರಿದು ಬಂತು. ಕೇಬಲ್ಲಿನ ಸಿಪ್ಪೆ ಸುಲಿದರೆ ಒಂದು ಗೇಣಿನವರೆಗೆ ಹೆಣಿಗೆಯೆಲ್ಲ ಒದ್ದೆ. ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ಅದು ನೀರು ಹೀರಿತ್ತು. ಎರಡು ಗೇಣು ಕತ್ತರಿಸಿ ಎಸೆದು, ಬೆಳ್ಳಗೆ ಹೊಳೆಯುವ ಜಾಗದಿಂದ ಹೊಸ ಕನೆಕ್ಟರ್ ಹಾಕಿದೆ.

ಅದಕ್ಕೇ ವೈರಿಂಗ್ ಟೇಪ್ ಒಂದನ್ನೇ ನಂಬಬೇಡಿ. ತನಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪ್ ಸಿಗುತ್ತದೆ. ಅದನ್ನು ಎಳೆದು ಎಳೆದು, ಕೆಳಗಿನಿಂದ ಮೇಲಕ್ಕೆ, ಹಂಚು ಹೊದೆಸಿದ ಹಾಗೆ ಒಂದರ ಮೇಲೊಂದು ಬರುವಂತೆ ಸುತ್ತಿ. ಮೇಲಿಂದ ಒಂದು ಸುತ್ತು ವೈರಿಂಗ್ ಟೇಪ್. ಕೇಬಲ್ ಗೋಡೆಯೊಳಗೆ ಹೋಗುವ ಮುಂಚೆ ಜೋಲಿಯ ಹಾಗೆ ಒಂದು ಬಳುಕು ಕೊಡಿ. ಮಳೆ ನೀರು ಅಲ್ಲೇ ತೊಟ್ಟಿಕ್ಕಿ ಬೀಳುತ್ತದೆ, ಟೀವಿಯವರೆಗೆ ಬರುವುದಿಲ್ಲ.

ಕಾರವಾರ, ಅಂಕೋಲಾ, ಕುಮಟಾದ ಕಡಲ ಹತ್ತಿರದವರಿಗೆ ಉಪ್ಪುಗಾಳಿಯ ಕಾಟ ಬೇರೆ. ತಟ್ಟೆಯ ಜೊತೆ ಬರುವ ನಟ್ಟು ಬೋಲ್ಟು ಎರಡು ಮಳೆಗಾಲಕ್ಕೆ ಕೆಂಪಾಗುತ್ತವೆ. ಶುರುವಿನಲ್ಲೇ ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟ್ ಹಾಕಿಬಿಡಿ. ಇಲ್ಲವಾದರೆ ಪ್ರತಿ ವರ್ಷ ಮೇ ತಿಂಗಳಲ್ಲಿ ಗ್ರೀಸ್ ಹಚ್ಚಿ.

ಜೋರು ಮಳೆಯಲ್ಲಿ ಚಿತ್ರ ನಿಲ್ಲುವುದನ್ನು ಪೂರಾ ತಪ್ಪಿಸಲು ಆಗುವುದಿಲ್ಲ. ಮಳೆಯ ಹನಿಗಳೇ ಅಲೆಯನ್ನು ಕುಡಿಯುತ್ತವೆ. ಆದರೆ ಎರಡಡಿ ಬದಲು ಮೂರಡಿ ತಟ್ಟೆ ಹಾಕಿದರೆ ಇಮ್ಮಡಿಗೂ ಜಾಸ್ತಿ ಅಲೆ ಸಿಗುತ್ತದೆ, ಅಷ್ಟು ಮಳೆ ತಡೆಯುತ್ತದೆ. ನಮ್ಮ ಜಿಲ್ಲೆಗೆ ಮೂರಡಿಯೇ ಸರಿ ಅಂತ ನನ್ನ ಅಭಿಪ್ರಾಯ. ಕಾರಣ ಕಂಡುಹಿಡಿಯಲು ಒಂದು ಗುರುತು ನೆನಪಿಡಿ. ಮಳೆ ನಿಂತ ಕೂಡಲೇ ಚಿತ್ರ ಬಂದರೆ ಮಳೆಯದೇ ಕಾಟ. ಮಳೆ ನಿಂತು ಮರ ಆರುವವರೆಗೆ ಬರದಿದ್ದರೆ ಎಲೆ ಅಡ್ಡ ಇದೆ. ಎರಡು ದಿನ ಬಿಸಿಲು ಬಿದ್ದ ಮೇಲೆ ಬಂದರೆ ಕನೆಕ್ಟರ್‌ನಲ್ಲಿ ನೀರಿದೆ, ಬಿಚ್ಚಿ ನೋಡಿ. ಹೊಳವಾದ ದಿನವೇ ಇದ್ದಕ್ಕಿದ್ದಂತೆ ಹೋದರೆ ಮಂಗ ಬಂದಿತ್ತೋ ಅಂತ ಮನೆಯವರನ್ನು ಕೇಳಿ. ತಟ್ಟೆಯ ತೋಳು ಅವಕ್ಕೆ ಉಯ್ಯಾಲೆ. ಪೆನ್ಸಿಲ್ ಗೀಟು ಇದ್ದರೆ ಐದು ನಿಮಿಷದಲ್ಲಿ ಮೊದಲಿನ ಜಾಗಕ್ಕೆ ತರಬಹುದು.

ಏಪ್ರಿಲ್, ಮೇ ಮತ್ತು ಅಕ್ಟೋಬರ್ ಗುಡುಗಿನ ತಿಂಗಳು. ಮೋಡ ಕಟ್ಟಿದ್ದು ಕಂಡ ಕೂಡಲೇ ಪ್ಲಗ್ ಕಿತ್ತಿಡಿ, ಪೆಟ್ಟಿಗೆಯ ಹಿಂದಿನ ಕೇಬಲನ್ನೂ ಬಿಚ್ಚಿಡಿ. ಪ್ಲಗ್ ಒಂದೇ ಸಾಲದು, ಸಿಡಿಲು ತಟ್ಟೆಯ ದಾರಿಯಿಂದಲೂ ಬರುತ್ತದೆ. ಗುಡುಗು ಶುರುವಾದ ಮೇಲೆ ಮಾತ್ರ ಕೇಬಲ್ ಮುಟ್ಟಬೇಡಿ. ತಟ್ಟೆಯ ಕಂಬಕ್ಕೆ ಅರ್ಥಿಂಗ್ ಮಾಡಿಸಿ.

ಕೊನೆಯದಾಗಿ, ಎಲ್ಲ ಸರಿ ಇದ್ದೂ ಒಂದೆರಡು ಚಾನೆಲ್ ಮಾತ್ರ ಕಾಣೆಯಾದರೆ ಮಾಡಿಗೆ ಹತ್ತಬೇಡಿ. ಫ್ರೀ ಡಿಶ್‌ನಲ್ಲಿ ಚಾನೆಲ್‌ಗಳು ಆಗಾಗ ಬದಲಾಗುತ್ತವೆ. ಪೆಟ್ಟಿಗೆಯಲ್ಲಿ ಹೊಸದಾಗಿ ಸ್ಕ್ಯಾನ್ ಮಾಡಿ. ಕೆಲವು ಚಾನೆಲ್ ಎಂಪೆಗ್-4 ಪೆಟ್ಟಿಗೆಗಷ್ಟೇ ಸಿಗುತ್ತವೆ, ಹೊಸದು ಕೊಳ್ಳುವುದಾದರೆ ಅದನ್ನೇ ಕೇಳಿ ತನ್ನಿ. ನಮ್ಮ ಮನೆಯಲ್ಲಿ ಟೀವಿ ಗೂಡಿನ ಬಾಗಿಲ ಒಳಗೆ ಒಂದು ಚೀಟಿ ಅಂಟಿಸಿದ್ದೇನೆ. ಅದರಲ್ಲಿ 11090, ವರ್ಟಿಕಲ್, 29500, ಮತ್ತೆ ಹೊಳವಾದ ದಿನದ ಕ್ವಾಲಿಟಿ ಎಷ್ಟು ಅಂತ ಬರೆದಿದೆ. ನಾನು ಊರಲ್ಲಿ ಇಲ್ಲದಾಗ ಆಯಿ ಕನ್ನಡಕ ಹಾಕಿಕೊಂಡು ಅದನ್ನು ನೋಡುತ್ತಾಳೆ. ಈಗಿನ ಕ್ವಾಲಿಟಿ ಎಷ್ಟು ಅಂತ ಫೋನಿನಲ್ಲೇ ಓದಿ ಹೇಳುತ್ತಾಳೆ.