ಜರ್ಮನಿಯಲ್ಲಿ ಲ್ಯಾಪ್‌ಟಾಪ್‌ಗೆ ಮೊಬೈಲ್ ಇಂಟರ್ನೆಟ್: ಊರಿನ ಡಾಂಗಲ್ ಊರಲ್ಲೇ ಇರಲಿ

ಓದಲೆಂದು ಜರ್ಮನಿಗೆ ಬಂದ ನನ್ನ ಸೋದರತ್ತೆಯ ಮಗನ ಪೆಟ್ಟಿಗೆಯಲ್ಲಿ ಚಟ್ನಿಪುಡಿ, ಕುಕ್ಕರ್‌ಗಳ ಜೊತೆಗೆ ಎರಡು ಮೋಡೆಮ್‌ಗಳೂ ಇದ್ದವು. ಒಂದು, ಯುಎಸ್‌ಬಿಗೆ ಚುಚ್ಚುವ ಹಳೆಯ 3ಜಿ ಡಾಂಗಲ್. ಇನ್ನೊಂದು, ಅಂಗೈಯಲ್ಲಿ ಹಿಡಿಯುವ 4ಜಿ ಹಾಟ್‌ಸ್ಪಾಟ್ ಡಬ್ಬಿ. ಎರಡೂ ಇಲ್ಲಿ ಕೆಲಸಕ್ಕೆ ಬರಲಿಲ್ಲ. ಚಟ್ನಿಪುಡಿ ಬಂತು.

ಡಾಂಗಲ್‌ನ ಕಥೆ ಸರಳ. ಇಲ್ಲಿನ ಕಂಪನಿಗಳು 2021ರಲ್ಲೇ 3ಜಿ ನಿಲ್ಲಿಸಿವೆ. ಹಳೆಯ ಕಡ್ಡಿ ಹೆಚ್ಚೆಂದರೆ 2ಜಿ ಹಿಡಿಯುತ್ತದೆ. ದೀಪ ಮಿನುಗುತ್ತದೆ, ಪುಟ ತೆರೆಯುವುದಿಲ್ಲ. ಡಬ್ಬಿಯ ಕಥೆ ತುಸು ಸೂಕ್ಷ್ಮ. ಭಾರತದಲ್ಲಿ 4ಜಿ ಬಹುಮಟ್ಟಿಗೆ ಓಡುವ 2300 ಮತ್ತು 850 ಮೆಗಾಹರ್ಟ್ಸ್ ಅಲೆಗಳಲ್ಲಿ ಇಲ್ಲಿನ ಮೊಬೈಲ್ ಕಂಪನಿಗಳು ಸೇವೆ ಕೊಡುವುದಿಲ್ಲ. 1800 ಎರಡೂ ಕಡೆ ಇರುವುದರಿಂದ ಪೇಟೆಯಲ್ಲಿ ಹೇಗೋ ನಡೆದೀತು. ಆದರೆ ಹಳ್ಳಿಗಳಲ್ಲಿ, ದಪ್ಪ ಗೋಡೆಯ ಹಳೆಯ ಮನೆಗಳಲ್ಲಿ ಕೈಹಿಡಿಯುವುದು 800 ಮೆಗಾಹರ್ಟ್ಸ್. ಟಿವಿ ಪ್ರಸಾರ ಬಿಟ್ಟುಕೊಟ್ಟ ಈ ಜಾಗವನ್ನು 2010ರಲ್ಲಿ ಹರಾಜು ಹಾಕಿದಾಗ, ಮೊದಲು ಇಂಟರ್ನೆಟ್ ಇಲ್ಲದ ಹಳ್ಳಿಗಳಿಗೆ ಕೊಡಬೇಕು, ಆಮೇಲೆ ಪೇಟೆಗೆ ಎಂದು ಸರ್ಕಾರ ಷರತ್ತು ಹಾಕಿತ್ತು. ಆದ್ದರಿಂದ ಯಾವ ಮೋಡೆಮ್ ಕೊಂಡರೂ ಪೆಟ್ಟಿಗೆಯ ಮೇಲೆ ‘ಬ್ಯಾಂಡ್ 20’, ಅಂದರೆ ಈ 800 ಮೆಗಾಹರ್ಟ್ಸ್, ಇದೆಯೇ ನೋಡಿ. ಊರಿನ ಡಬ್ಬಿಯಲ್ಲಿ ಅದು ಇರಲಿಲ್ಲ. ಸಾಲದ್ದಕ್ಕೆ, ಕೊಟ್ಟ ಕಂಪನಿಯ ಸಿಮ್ ಬಿಟ್ಟು ಬೇರೆಯದನ್ನು ಒಪ್ಪದಂತೆ ಅದಕ್ಕೆ ಬೀಗ ಬೇರೆ.

ಇಲ್ಲಿನ ಅಂಗಡಿಯಲ್ಲಿ ಯುಎಸ್‌ಬಿ ಮೋಡೆಮ್‌ಗೆ ‘ಸರ್ಫ್‌ಸ್ಟಿಕ್’ ಎನ್ನುತ್ತಾರೆ, ವೈಫೈಗೆ ‘ವೇಲಾನ್’. ನಿಜ ಹೇಳಬೇಕೆಂದರೆ ಬಹಳ ಜನರಿಗೆ ಫೋನಿನ ಹಾಟ್‌ಸ್ಪಾಟೇ ಸಾಕು. ಬಾಡಿಗೆ ಕೋಣೆಗೆ ತಂತಿಯ ಸಂಪರ್ಕ ಬರಲು ಕೆಲವೊಮ್ಮೆ ವಾರಗಟ್ಟಲೆ ಕಾಯಬೇಕಾಗುತ್ತದೆ. ಆ ಅವಧಿಗೆ, ಅದೂ ಇಬ್ಬರು ಮೂವರು ಹಂಚಿಕೊಳ್ಳುವುದಾದರೆ ಮಾತ್ರ, ಪ್ರತ್ಯೇಕ ಡಬ್ಬಿ ಕೊಳ್ಳಿ.

ಸಿಮ್ ಅನ್ನು ಆಲ್ಡಿ, ಲಿಡ್ಲ್‌ನಂಥ ದಿನಸಿ ಅಂಗಡಿಯಲ್ಲಿ ಹಾಲು ಬ್ರೆಡ್ಡಿನ ಜೊತೆಗೇ ಕೊಳ್ಳಬಹುದು. ಆಲ್ಡಿಯದು ಓ2 ಜಾಲದ ಮೇಲೆ, ಲಿಡ್ಲ್‌ನದು ವೊಡಾಫೋನ್ ಜಾಲದ ಮೇಲೆ ಓಡುತ್ತದೆ. ನಿಮ್ಮ ಕೋಣೆಗೆ ಯಾವ ಜಾಲ ಮುಟ್ಟುತ್ತದೆ ಎಂಬುದನ್ನು ಪಕ್ಕದ ಕೋಣೆಯವರು ಜಾಹೀರಾತಿಗಿಂತ ಸರಿಯಾಗಿ ಹೇಳುತ್ತಾರೆ. ಆದರೆ ಕೊಂಡ ಮಾತ್ರಕ್ಕೆ ಸಿಮ್ ಜೀವ ತಳೆಯುವುದಿಲ್ಲ. 2017ರ ಜುಲೈನಿಂದ ಪ್ರಿಪೇಯ್ಡ್‌ಗೂ ಗುರುತಿನ ಪರಿಶೀಲನೆ ಕಡ್ಡಾಯ. ವಿಡಿಯೊ ಕರೆಯಲ್ಲಿ ಪಾಸ್‌ಪೋರ್ಟ್ ತೋರಿಸಬೇಕು, ಇಲ್ಲವೇ ಅಂಚೆ ಕಚೇರಿಗೆ ಹೋಗಬೇಕು. ನಾನಾದರೆ ಸೀದಾ ಅಂಚೆ ಕಚೇರಿಗೇ ಹೋಗುತ್ತೇನೆ. ನಮ್ಮ ಪಾಸ್‌ಪೋರ್ಟ್‌ನಲ್ಲಿ ಇಲ್ಲಿನ ವಿಳಾಸ ಇರುವುದಿಲ್ಲವಾದ್ದರಿಂದ, ಮನೆಗೆ ಬಂದ ಎರಡು ವಾರದೊಳಗೆ ಮಾಡಿಸಲೇಬೇಕಾದ ವಿಳಾಸ ನೋಂದಣಿಯ, ಅಂದರೆ ‘ಆನ್‌ಮೆಲ್ಡುಂಗ್’ನ, ಪತ್ರವನ್ನೂ ಜೊತೆಗೆ ಒಯ್ಯಿರಿ.

ರೀಚಾರ್ಜ್ ಸಾಮಾನ್ಯವಾಗಿ ನಮ್ಮಲ್ಲಿಯಂತೆಯೇ 28 ದಿನಕ್ಕೆ. ಎಡವುವುದು ಡೇಟಾ ಲೆಕ್ಕದಲ್ಲಿ. ಊರಿನಲ್ಲಿ ದಿನಕ್ಕೆ ಇಷ್ಟು ಎಂದು ಸಿಗುತ್ತಿತ್ತು. ಇಂದು ಮುಗಿದರೆ ನಡುರಾತ್ರಿಗೆ ಮತ್ತೆ ತುಂಬುತ್ತಿತ್ತು. ಇಲ್ಲಿ ಕೊಡುವುದು ಇಡೀ ಅವಧಿಗೆ ಒಂದೇ ಗಂಟು. ಮುಗಿದರೆ ಬಹಳ ಯೋಜನೆಗಳಲ್ಲಿ ವೇಗ ಸೆಕೆಂಡಿಗೆ 64 ಕಿಲೋಬಿಟ್‌ಗೆ ಇಳಿಯುತ್ತದೆ. ಒಂದು ಎಂಬಿಯ ಫೋಟೊ ಬರಲು ಎರಡು ನಿಮಿಷ. ಲ್ಯಾಪ್‌ಟಾಪ್‌ಗೆ ಈ ಬಡತನ ತಿಳಿಯುವುದಿಲ್ಲ. ಹಾಟ್‌ಸ್ಪಾಟನ್ನೂ ಮನೆಯ ವೈಫೈ ಎಂದೇ ನಂಬಿ ರಾತ್ರೋರಾತ್ರಿ ಅಪ್‌ಡೇಟ್ ಎಳೆದುಕೊಳ್ಳುತ್ತದೆ. ನನ್ನ ಮೊದಲ ತಿಂಗಳ ಗಂಟು ಹೀಗೇ ಮೂರನೆಯ ದಿನ ಕರಗಿತ್ತು. ವಿಂಡೋಸ್‌ನ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ‘ಮೀಟರ್ಡ್ ಕನೆಕ್ಷನ್’ ಎಂಬುದನ್ನು ಮೊದಲ ದಿನವೇ ಚಾಲೂ ಮಾಡಿ.

ಅಂಗಡಿಯವರು ಮೋಡೆಮ್ ‘ಒಂದು ಯೂರೋಗೆ’ ಎಂದು ಚಾಚಿದರೆ, ಅದರ ಹಿಂದೆ 24 ತಿಂಗಳ ಕರಾರು ಇರುತ್ತದೆ. ಒಂದು ಸೆಮಿಸ್ಟರಿಗೆ ಬಂದವರು ಇದಕ್ಕೆ ಸಹಿ ಹಾಕಿ ಪರದಾಡಿದ್ದನ್ನು ನೋಡಿದ್ದೇನೆ. ಕಾನೂನಿನ ಪ್ರಕಾರ 12 ತಿಂಗಳ ಕರಾರನ್ನೂ ಅವರು ಮುಂದಿಡಲೇಬೇಕು, ಕೇಳಿ ಪಡೆಯಿರಿ. ಮೊದಲ ಅವಧಿ ಮುಗಿದ ಮೇಲೆ ಒಂದು ತಿಂಗಳ ಮುನ್ಸೂಚನೆ ಕೊಟ್ಟು ಬಿಡಬಹುದು, ಅದಕ್ಕೆ 2022ರ ಜುಲೈನಿಂದ ಜಾಲತಾಣದಲ್ಲೇ ರದ್ದತಿ ಗುಂಡಿ ಇರಬೇಕೆಂಬ ನಿಯಮವಿದೆ. ಆನ್‌ಲೈನ್‌ನಲ್ಲಿ ಮಾಡಿದ ಕರಾರಿನಿಂದ 14 ದಿನದೊಳಗೆ ಹಿಂದೆ ಸರಿಯುವ ಹಕ್ಕಿದೆ. ಅಂಗಡಿಯಲ್ಲಿ ಕುಳಿತು ಸಹಿ ಹಾಕಿದ್ದಕ್ಕೆ ಆ ಹಕ್ಕಿಲ್ಲ. ಎಷ್ಟೋ ಜನರಿಗೆ ಇದು ತಿಳಿಯುವುದು ಸಹಿ ಹಾಕಿದ ಮರುದಿನ.

ರೋಮಿಂಗ್ ಇರುವ ಸಿಮ್ ಆದರೆ ಪ್ಯಾರಿಸ್, ಪ್ರಾಗ್‌ಗಳಿಗೆ ಚಿಂತೆಯಿಲ್ಲ. ಐರೋಪ್ಯ ಒಕ್ಕೂಟದೊಳಗೆ 2017ರ ಜೂನ್‌ನಿಂದ ಹೆಚ್ಚುವರಿ ರೋಮಿಂಗ್ ಶುಲ್ಕವಿಲ್ಲ. ಸ್ವಿಟ್ಜರ್ಲೆಂಡ್ ಈ ಒಕ್ಕೂಟದಲ್ಲಿಲ್ಲ. ಕೊನ್‌ಸ್ಟಾನ್ಜ್‌ನಂಥ ಗಡಿಯೂರಿನಲ್ಲಿ ಜರ್ಮನಿಯ ನೆಲದ ಮೇಲೆ ನಿಂತಿದ್ದರೂ ಮೋಡೆಮ್ ಆಚೆಯ ಗೋಪುರಕ್ಕೆ ಅಂಟಿಕೊಳ್ಳಬಹುದು. ನಿಮ್ಮ ಯೋಜನೆಯಲ್ಲಿ ‘ಶ್ವೈಟ್ಸ್’ (ಸ್ವಿಟ್ಜರ್ಲೆಂಡ್‌ನ ಜರ್ಮನ್ ಹೆಸರು) ಎಂದು ಇಲ್ಲದಿದ್ದರೆ ಅಲ್ಲಿಗೆ ಹೋಗುವ ಮುಂಚೆ ರೋಮಿಂಗ್ ಬಂದ್ ಮಾಡಿಬಿಡಿ.