ಬೇಸಿಗೆ ರಾತ್ರಿಯ ಲಾಂಗ್ ಎಕ್ಸ್‌ಪೋಷರ್: ಸೆನ್ಸರ್ ಬಿಸಿಯಿಂದ ಡೈನಾಮಿಕ್ ರೇಂಜ್ ಉಳಿಸಿಕೊಳ್ಳುವುದು ಹೇಗೆ

ಪಾವಗಡದ ಸೋಲಾರ್ ಪಾರ್ಕನ್ನು ಮಟಮಟ ಮಧ್ಯಾಹ್ನ ತೆಗೆದು, ಫೋಟೊ ಮಸುಕಾಯಿತೆಂದು ಸೆನ್ಸರ್ ಬಿಸಿಯನ್ನು ದೂರುವವರಿದ್ದಾರೆ. 1/500 ಸೆಕೆಂಡಿನಲ್ಲಿ ಸೆನ್ಸರ್ ಬಿಸಿ ಮಾಡುವಂಥದ್ದು ಹೆಚ್ಚೇನೂ ಇಲ್ಲ. ದೂರದ ಪ್ಯಾನೆಲ್ ಸಾಲು ಅಲುಗಾಡಿದಂತೆ ಕಂಡರೆ ಅದು ನೆಲದಿಂದೇಳುವ ಬಿಸಿಗಾಳಿಯ ಕೆಲಸ. ಬೆಳಗ್ಗೆ ಬೇಗ ಹೋಗಿ, ಅಷ್ಟೇ. ಬಿಸಿ ಡೈನಾಮಿಕ್ ರೇಂಜನ್ನು (ಒಂದೇ ಫೋಟೊದಲ್ಲಿ ಕಡುನೆರಳಿನಿಂದ ಅತಿ ಬೆಳಕಿನವರೆಗೆ ವಿವರ ಹಿಡಿಯುವ ಶಕ್ತಿ) ತಿನ್ನುವುದು ಶಟರ್ ನಿಮಿಷಗಟ್ಟಲೆ ತೆರೆದಿದ್ದಾಗ: ನಕ್ಷತ್ರದ ಫೋಟೊ, ಅಥವಾ ತುಮಕೂರಿನ ಅಮಾನಿಕೆರೆಯ ನೀರನ್ನು ಬೆಳಕು ತಗ್ಗಿಸುವ 10 ಸ್ಟಾಪ್ (ಒಂದು ಸ್ಟಾಪ್ ಎಂದರೆ ಇಮ್ಮಡಿ ಅಥವಾ ಅರ್ಧ) ಎನ್‌ಡಿ ಫಿಲ್ಟರ್ ಹಾಕಿ ನುಣುಪಾಗಿ ತೋರಿಸುವಾಗ.

ಬೆಳಕೇ ಬೀಳದಿದ್ದರೂ ಸಿಲಿಕಾನ್ ಬಿಸಿಗೆ ಎಲೆಕ್ಟ್ರಾನ್ ಬಿಡುತ್ತಿರುತ್ತದೆ. ಇದೇ ಡಾರ್ಕ್ ಕರೆಂಟ್. ಸೆನ್ಸರ್ ಉಷ್ಣತೆ ಸುಮಾರು 6ರಿಂದ 8 ಡಿಗ್ರಿ ಏರಿದಂತೆಲ್ಲ ಇದು ಇಮ್ಮಡಿಯಾಗುತ್ತದೆ. ಪಿಕ್ಸೆಲ್ ಹಿಡಿಸುವ ಗರಿಷ್ಠ ಎಲೆಕ್ಟ್ರಾನ್ ಪ್ರಮಾಣ ಹೆಚ್ಚು ಬದಲಾಗದ ಕಾರಣ ಹೈಲೈಟ್‌ಗೆ (ಫೋಟೊದ ಅತಿ ಬೆಳಕಿನ ಭಾಗ) ಧಕ್ಕೆಯಿಲ್ಲ. ಹೋಗುವುದು ನೆರಳಿನ ವಿವರ. ಒಂದು ಲೆಕ್ಕ ಹಾಕಿ ನೋಡಿ. ರೀಡ್ ನಾಯ್ಸ್ (ಸೆನ್ಸರನ್ನು ಓದುವಾಗ ಸೇರುವ ಏರುಪೇರು) 3 ಎಲೆಕ್ಟ್ರಾನ್, 25 ಡಿಗ್ರಿಯಲ್ಲಿ ಡಾರ್ಕ್ ಕರೆಂಟ್ ಸೆಕೆಂಡಿಗೆ 0.1 ಎಲೆಕ್ಟ್ರಾನ್ ಎಂದಿಟ್ಟುಕೊಳ್ಳೋಣ. 4 ನಿಮಿಷಕ್ಕೆ 24 ಎಲೆಕ್ಟ್ರಾನ್ ಸೇರುತ್ತದೆ. 3ರ ವರ್ಗವಾದ 9 ಮತ್ತು ಈ 24 ಕೂಡಿಸಿ ವರ್ಗಮೂಲ ತೆಗೆದರೆ ಒಟ್ಟು ನಾಯ್ಸ್ 5.7, ಅಂದರೆ 0.9 ಸ್ಟಾಪ್ ನಷ್ಟ. ಸೆನ್ಸರ್ 37 ಡಿಗ್ರಿಗೆ ಏರಿ, ಪ್ರತಿ 6 ಡಿಗ್ರಿಗೆ ಇಮ್ಮಡಿಯಾದರೆ 24 ಹೋಗಿ 96 ಆಗುತ್ತದೆ, ನಾಯ್ಸ್ 10.2, ನಷ್ಟ 1.8 ಸ್ಟಾಪ್. ಅದೇ 1/250 ಸೆಕೆಂಡಿಗೆ ಲೆಕ್ಕ ಹಾಕಿದರೆ ಉತ್ತರ ಹೆಚ್ಚುಕಡಿಮೆ ಸೊನ್ನೆ.

ನಿಮ್ಮ ಕ್ಯಾಮೆರಾ ಎಷ್ಟು ಕಳೆದುಕೊಳ್ಳುತ್ತದೆಂದು ಮನೆಯಲ್ಲೇ ಅಳೆಯಬಹುದು. ರಾ ಫಾರ್ಮ್ಯಾಟ್, ಐಎಸ್‌ಒ 800, ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್ ಆಫ್. ಲೆನ್ಸ್ ಮುಚ್ಚಳ ಹಾಕಿ. ಡಿಎಸ್‌ಎಲ್‌ಆರ್ ಆದರೆ ವ್ಯೂಫೈಂಡರ್ ಕಿಂಡಿಯನ್ನೂ ಮುಚ್ಚಿ, ಅಲ್ಲಿಂದಲೂ ಬೆಳಕು ನುಸುಳುತ್ತದೆ. ಬೆಳಗಿನ ಜಾವ 2 ನಿಮಿಷದ ಎರಡು ಫ್ರೇಮ್, 1/1000 ಸೆಕೆಂಡಿನ ಎರಡು ಫ್ರೇಮ್ ತೆಗೆಯಿರಿ. ಮಧ್ಯಾಹ್ನ, ಲೈವ್ ವ್ಯೂ (ಸ್ಕ್ರೀನಿನಲ್ಲಿ ನೇರ ದೃಶ್ಯ) 20 ನಿಮಿಷ ಓಡಿಸಿದ ಮೇಲೆ, ಇದೇ ನಾಲ್ಕನ್ನು ಮತ್ತೆ ತೆಗೆಯಿರಿ. ಉಚಿತವಾಗಿ ಸಿಗುವ ಸಿರಿಲ್ ತಂತ್ರಾಂಶದಲ್ಲಿ ಒಂದೇ ಜೋಡಿಯ ಒಂದು ಫ್ರೇಮಿನಿಂದ ಇನ್ನೊಂದನ್ನು ಕಳೆದು, ನಡುವಿನ 400×400 ಪಿಕ್ಸೆಲ್ ಆಯ್ದು, ಸ್ಟ್ಯಾಂಡರ್ಡ್ ಡೀವಿಯೇಷನ್ (ಪಿಕ್ಸೆಲ್ ಮೌಲ್ಯಗಳ ಏರುಪೇರಿನ ಅಳತೆ) ಓದಿ 1.41ರಿಂದ ಭಾಗಿಸಿ. ಕಳೆಯುವ ಮುನ್ನ ಒಂದು ಫ್ರೇಮಿಗೆ ಸ್ಥಿರ ಮೊತ್ತ ಕೂಡಿಸಿಕೊಳ್ಳಿ, ಇಲ್ಲವಾದರೆ ಋಣ ಸಂಖ್ಯೆಗಳು ಸೊನ್ನೆಗೆ ಕತ್ತರಿಸಿ ಹೋದಾವು. 2 ನಿಮಿಷದ ಅಂಕಿ 1/1000ದ ಅಂಕಿಯ ದುಪ್ಪಟ್ಟಾದರೆ ಒಂದು ಸ್ಟಾಪ್ ಹೋಯಿತು, ನಾಲ್ಕು ಪಟ್ಟಾದರೆ ಎರಡು. ಸರಾಸರಿಯನ್ನು ನೋಡಿ ಮೋಸಹೋಗಬೇಡಿ: ಕಪ್ಪಿನ ಮಟ್ಟವನ್ನು ಹಲವು ಕ್ಯಾಮೆರಾಗಳು ತಾವೇ ಸರಿಪಡಿಸಿಕೊಳ್ಳುವುದರಿಂದ ಸರಾಸರಿ ಅಲುಗದೆಯೂ ನಾಯ್ಸ್ ಏರಿರುತ್ತದೆ.

ಇನ್ನು ಹೊರಗಿನ ಕೆಲಸ. ಆಕಾಶಗಂಗೆಯ ನಡುಭಾಗ ಚೆನ್ನಾಗಿ ಕಾಣುವ ಏಪ್ರಿಲ್, ಮೇ ತಿಂಗಳೇ ನಮ್ಮ ಕಡೆ ಸೆಕೆಯ ಕಾಲ. ನಡುರಾತ್ರಿ ದಾಟಲಿ, ಸೂರ್ಯೋದಯಕ್ಕೆ ಮುಂಚಿನ ಎರಡು ಗಂಟೆಯಲ್ಲಿ ಗಾಳಿಯೂ ತಣ್ಣಗಿರುತ್ತದೆ, ಆಕಾಶಗಂಗೆಯೂ ಮೇಲೇರಿರುತ್ತದೆ. ಮಧುಗಿರಿಯಾಗಲಿ ಕೋಲಾರದ ಅಂತರಗಂಗೆಯಾಗಲಿ, ಬಂಡೆ ಹಗಲೆಲ್ಲ ಹೀರಿದ ಕಾವನ್ನು ಕತ್ತಲಾದ ಮೇಲೂ ಬಿಡುತ್ತಿರುತ್ತದೆ. ಕ್ಯಾಮೆರಾ ಬ್ಯಾಗನ್ನು ಬರಿಬಂಡೆಯ ಮೇಲಿಡಬೇಡಿ, ಟ್ರೈಪಾಡನ್ನು ಎದೆಮಟ್ಟಕ್ಕೆ ಎತ್ತಿ. ಫೋಕಸ್ ಮುಗಿದ ತಕ್ಷಣ ಲೈವ್ ವ್ಯೂ ಆರಿಸಿ. ಮಡಚುವ ಸ್ಕ್ರೀನ್ ಇದ್ದರೆ ಬಾಡಿಯಿಂದ ದೂರಕ್ಕೆ ತೆರೆದಿಡಿ, ಹಿಂಬದಿಗೆ ಗಾಳಿ ಆಡಲಿ. ಪವರ್ ಬ್ಯಾಂಕ್ ಚುಚ್ಚಿ ಒಳಗಿನ ಬ್ಯಾಟರಿ ಚಾರ್ಜ್ ಮಾಡುತ್ತ ಫೋಟೊ ತೆಗೆದರೆ ಆ ಬಿಸಿಯೂ ಸೆನ್ಸರ್‌ಗೇ ಸೇರುತ್ತದೆ. ಬ್ಯಾಟರಿ ಜಾಗದಲ್ಲಿ ಕೂತು ಹೊರಗಿನ ವಿದ್ಯುತ್ ಕೊಡುವ ಡಮ್ಮಿ ಬ್ಯಾಟರಿ ವಾಸಿ. 4ಕೆ ವಿಡಿಯೊ ಮಾಡಿದ ಬೆನ್ನಿಗೇ ಲಾಂಗ್ ಎಕ್ಸ್‌ಪೋಷರ್‌ಗೆ ಇಳಿಯಬೇಡಿ, ಕ್ಯಾಮೆರಾ ಆಫ್ ಮಾಡಿ ಕಾಲು ಗಂಟೆ ಬಿಡಿ.

ಐಸ್ ಪ್ಯಾಕ್ ಕಟ್ಟುವ ಉಪಾಯ ಬೇಡವೇ ಬೇಡ. ಗಾಳಿಯ ತೇವ ಬಾಡಿಯೊಳಗೂ ಹನಿಗಟ್ಟಬಹುದು, ಆಮೇಲೆ ರಿಪೇರಿ ಖರ್ಚು ಬೇರೆ. ಎಸಿ ಕಾರಿನಿಂದ ಇಳಿದಾಗಲೂ ಬ್ಯಾಗಿನ ಜಿಪ್ ತೆರೆಯದೆ 20–30 ನಿಮಿಷ ಬಿಟ್ಟು ಆಮೇಲೆ ಹೊರತೆಗೆಯಿರಿ.

8 ನಿಮಿಷದ ಒಂದರ ಬದಲು 30 ಸೆಕೆಂಡಿನ 16 ಫ್ರೇಮ್ ತೆಗೆದರೆ ಬಿಸಿಯ ನಾಯ್ಸ್ ಕಡಿಮೆಯಾಗುತ್ತದೆಂಬ ನಂಬಿಕೆ ಇದೆ. ಆಗುವುದಿಲ್ಲ, ಒಟ್ಟು ಸಮಯ ಅಷ್ಟೇ ಆದಾಗ ಡಾರ್ಕ್ ಕರೆಂಟೂ ಅಷ್ಟೇ, ಮೇಲಿಂದ ರೀಡ್ ನಾಯ್ಸ್ 16 ಸಲ ಸೇರುತ್ತದೆ. ಲಾಭವಿರುವುದು ಬೇರೆ ಕಡೆ: ಹೈಲೈಟ್ ಸುಡುವುದಿಲ್ಲ, ಫ್ರೇಮ್ ನಡುವೆ ಕ್ಯಾಮೆರಾವನ್ನು ಕೆಲವೇ ಪಿಕ್ಸೆಲ್‌ನಷ್ಟು ಸರಿಸಿದರೆ ಸ್ಟ್ಯಾಕ್ ಮಾಡುವಾಗ (ಫ್ರೇಮುಗಳನ್ನು ಹೊಂದಿಸಿ ಒಂದಾಗಿಸುವಾಗ) ಬಿಸಿಗೆ ಚುಕ್ಕೆಯಂತೆ ಹೊಳೆಯುವ ಹಾಟ್ ಪಿಕ್ಸೆಲ್‌ಗಳು ಕಳಚಿಹೋಗುತ್ತವೆ. ಸೆಕೆಯ ರಾತ್ರಿ ಐಎಸ್‌ಒ 1600ರಿಂದ 400ಕ್ಕೆ ಇಳಿಸಿ ನೋಡುವುದೂ ಒಳ್ಳೆಯದು. ಬಿಸಿಯ ನಾಯ್ಸ್ ಆಗಲೇ ರೀಡ್ ನಾಯ್ಸನ್ನು ಮೀರಿದ್ದರೆ ನೆರಳಿಗೆ ಆಗುವ ನಷ್ಟ ಅಲ್ಪ, ಹೈಲೈಟ್‌ಗೆ ಎರಡು ಸ್ಟಾಪ್ ಜಾಗ ಸಿಗುತ್ತದೆ.

ಕೊನೆಗೆ ಅದೇ ಜಾಗದಲ್ಲಿ, ಅದೇ ಐಎಸ್‌ಒ ಮತ್ತು ಅಷ್ಟೇ ಸಮಯದ 15–20 ಡಾರ್ಕ್ ಫ್ರೇಮ್ (ಲೆನ್ಸ್ ಮುಚ್ಚಳ ಹಾಕಿದ ಫ್ರೇಮ್) ತೆಗೆದು ಸರಾಸರಿ ಮಾಡಿ ಕಳೆಯಿರಿ. ಒಂದೇ ಡಾರ್ಕ್ ಫ್ರೇಮ್ ಕಳೆದರೆ ಹಾಟ್ ಪಿಕ್ಸೆಲ್ ಹೋಗುತ್ತದೆ, ಆದರೆ ಯಾದೃಚ್ಛಿಕ ನಾಯ್ಸ್ 1.4 ಪಟ್ಟು ಏರುತ್ತದೆ. ಕ್ಯಾಮೆರಾದೊಳಗಿನ ನಾಯ್ಸ್ ರಿಡಕ್ಷನ್ ಮಾಡುವುದೂ ಇದನ್ನೇ, ಅದೂ ಎರಡರಷ್ಟು ಸಮಯ ತಿಂದು. ಎಸಿ ಕೋಣೆಯಲ್ಲಿ ತೆಗೆದಿಟ್ಟ ಹಳೆಯ ಡಾರ್ಕ್ ಫ್ರೇಮ್‌ಗಳು ಇಲ್ಲಿ ನಡೆಯುವುದಿಲ್ಲ. ಕ್ಯಾನನ್‌ನ ಹಲವು ಮಾಡೆಲ್‌ಗಳು ಫೈಲಿನೊಳಗೇ ಕ್ಯಾಮೆರಾ ಉಷ್ಣತೆ ಬರೆದಿಡುತ್ತವೆ, ಫೈಲಿನ ಮಾಹಿತಿ ತೋರಿಸುವ ತಂತ್ರಾಂಶವಾದ ಎಕ್ಸಿಫ್‌ಟೂಲ್‌ನಲ್ಲಿ ಓದಬಹುದು. ಫೋಟೊ ಮತ್ತು ಡಾರ್ಕ್ ಫ್ರೇಮ್ ನಡುವೆ 2–3 ಡಿಗ್ರಿಗಿಂತ ಹೆಚ್ಚು ಅಂತರವಿದ್ದರೆ ಆ ಡಾರ್ಕ್ ಫ್ರೇಮ್ ಬಿಟ್ಟುಬಿಡಿ.